ಎಲೆ ಕೊಯ್ಯಲು ಬರುತ್ತಿದ್ದ ಭಾವ

ಫೆಬ್ರವರಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಕುಂದಾಪುರ ಕಡೆಯ ಕೆರಾಡಿಯ ಒಂದು ಮನೆಯ ಹಿತ್ತಿಲು. ಇದ್ದವರು ನಾನು, ಮನೆಯ ಯಜಮಾನ, ಅವನ ಹೆಂಡತಿ, ಅವರ ಮಗ, ಅಡುಗೆಗೆ ಬಂದ ಇಬ್ಬರು ಹೆಂಗಸರು. ಅಂದು ನನ್ನ ತಂಗಿಯ ಉತ್ತರಕ್ರಿಯೆ. ತಂಗಿ ಎಂದರೆ ಒಡಹುಟ್ಟಿದವಳಲ್ಲ, ಹಾಲಾಡಿಯಲ್ಲಿದ್ದ ಚಿಕ್ಕಮ್ಮನ ಮಗಳು. ಮನೆಯ ಯಜಮಾನ ಅವಳ ಮೈದುನ. ದೂರದಿಂದ ಬಂದವರ ಬೆಳಗಿನ ತಿಂಡಿಗೆಂದು ಒಲೆಯ ಮೇಲೆ, ಹಲಸಿನ ಎಲೆಯ ದೊನ್ನೆಗೆ ಹಿಟ್ಟು ಹೊಯ್ದ ಕೊಟ್ಟೆ ಕಡುಬು ಬೇಯುತ್ತಿತ್ತು. ಅಡುಗೆಯವಳು ಮುಚ್ಚಳ ತೆಗೆದಳು. ಹಬೆಯ ಜೊತೆಗೆ ಬೆಂದ ಹಲಸಿನ ಎಲೆಯ ವಾಸನೆ ಎದ್ದಿತು.

ನಾನು ವಾಸನೆಗೆ ಅಲುಗುವವಳಲ್ಲ. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯುವ, ಹಾಸಿಗೆಯ ಮೂಲೆ ಸೊಟ್ಟಗಿದ್ದರೆ ಪೂರ್ತಿ ಬಿಚ್ಚಿ ಮತ್ತೆ ಹಾಕಿಸುವ ನರ್ಸಿಂಗ್ ಶಾಲೆಯಲ್ಲಿ ಕಲಿತವಳು. ಸ್ಪಿರಿಟ್, ಫಿನಾಯಿಲ್, ಕೀವು ಎಲ್ಲವನ್ನೂ ಒಂದೇ ಮುಖದಲ್ಲಿ ಮೂಸಿದ್ದೇನೆ. ಆದರೆ ಅಂದು ಎದ್ದು ಬಾವಿಕಟ್ಟೆಯ ಕಡೆಗೆ ಹೋಗಬೇಕಾಯಿತು.

"ಎಂತ ಅಮ್ಮ, ಹೊಗಿ ಕಣ್ಣಿಗ್ ಹೋಯ್ತಾ?" ಎಂದಳು ಅಡುಗೆಯವಳು.

ಹೌದು ಎಂದೆ.

ನೆನಪಾದದ್ದು ಆ ತಂಗಿಯ ಗಂಡ. ತೀರಿಹೋಗಿ ಬಹಳ ವರ್ಷವಾಯಿತು. ನಾನು ಅವರನ್ನು ಭಾವ ಎನ್ನುತ್ತಿದ್ದೆ, ಅವರು ನನ್ನನ್ನು ಅತ್ತಿಗೆ ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ನಾನು ಮಾಡುತ್ತಿದ್ದ ಕೆಲಸದಲ್ಲಿ ರೋಗಿಗೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಆ ಅಭ್ಯಾಸ ಹಾಗೆಯೇ ಉಳಿದಿದೆ. ಜೊತೆಗೆ, ಈ ಲೇಖನದಲ್ಲಿ ಊರುಗಳ ಹೆಸರನ್ನು ಬೇಕೆಂದೇ ಅದಲುಬದಲು ಮಾಡಿದ್ದೇನೆ, ನೆಂಟಸ್ತಿಕೆಯನ್ನೂ ಸ್ವಲ್ಪ ತಿರುಚಿದ್ದೇನೆ. ಓದಿದವರಿಗೆ ಇದು ಇಂಥವರೇ ಎನ್ನಿಸಿದರೆ ಖಂಡಿತ ಅವರಲ್ಲ. ಹೇಳಬೇಡಿ ಎಂದು ಭಾವ ಕೇಳಿಕೊಂಡದ್ದು ಒಂದು ಮನೆಯ ಮಟ್ಟಿಗೆ. ಆ ಮನೆಯ ಅಂಗಳಕ್ಕೆ ಇದು ತಲುಪದಂತೆ ಬರೆಯುವುದು ನನಗೆ ಗೊತ್ತಿದೆ.

ಪೂರ್ವ ಆಫ್ರಿಕಾದಲ್ಲಿ ಒಂದು ದೊಡ್ಡ ಸರೋವರ. ಅದರ ದಂಡೆಯ ಪಟ್ಟಣದಲ್ಲಿ ಎಚ್‌ಐವಿ ತಡೆ ಮತ್ತು ಚಿಕಿತ್ಸೆಯ ಸಂಶೋಧನಾ ಕೇಂದ್ರ ಇತ್ತು. ವಿಜ್ಞಾನಿಗಳು ವಿಮಾನದಲ್ಲಿ ಬಂದು ಹೋಗುತ್ತಿದ್ದರು. ದಿನದಿನದ ಕೆಲಸ ನಡೆಸುವವಳು ನಾನು. ರೋಗ ಗೊತ್ತಾದ ಕೂಡಲೇ ಮದ್ದು ಶುರು ಮಾಡಿದರೆ ಮನುಷ್ಯ ಎಷ್ಟು ಚೆನ್ನಾಗಿ ಬದುಕುತ್ತಾನೆ, ಅವನಿಂದ ಇನ್ನೊಬ್ಬರಿಗೆ ಹರಡುವುದು ಎಷ್ಟು ತಪ್ಪುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಬರುತ್ತಿದ್ದವರು ಸರೋವರದ ಮೀನುಗಾರರು, ಮೀನು ಒಣಗಿಸುವ ಹೆಂಗಸರು, ಲಾರಿ ಓಡಿಸುವವರು, ಬಸ್‌ಸ್ಟ್ಯಾಂಡಿನ ಸುತ್ತ ಬದುಕುವವರು. ಸಮ್ಮತಿ ಪಡೆಯಬೇಕು, ರಕ್ತ ತೆಗೆಯಬೇಕು, ಮದ್ದು ಕೊಡಬೇಕು, ಮುಂದಿನ ಸಲ ಬರುವಂತೆ ನೋಡಿಕೊಳ್ಳಬೇಕು. ಮೊದಲ ಮೂರು ಸುಲಭ. ಇಡೀ ಸಂಶೋಧನೆ ನಿಂತಿರುವುದು ನಾಲ್ಕನೆಯದರ ಮೇಲೆ.

ಕೇಂದ್ರದ ಹಿಂಬದಿಯಲ್ಲಿ ಒಂದು ಹಲಸಿನ ಮರ ಇತ್ತು. ಆ ದೇಶದಲ್ಲಿ ಹಲಸು ಅಪರೂಪವಲ್ಲ, ಆದರೆ ಆ ಪಟ್ಟಣದಲ್ಲಿ ನಾನು ಕಂಡದ್ದು ಅದೊಂದೇ. ಬೆಳಗಿನ ಆರೋಗ್ಯ ಪಾಠ ಅದರ ನೆರಳಿನಲ್ಲೇ ನಡೆಯುತ್ತಿತ್ತು. ಒಂದು ದಿನ ಪಾಠ ಮುಗಿದ ಹೊತ್ತಿಗೆ ಅಲ್ಲಿ ಗಲಾಟೆ ಎದ್ದಿತು. ಕಾವಲುಗಾರ ಮರದ ಬುಡದಲ್ಲಿ ನಿಂತು ಅವನ ಭಾಷೆಯಲ್ಲಿ ಕಳ್ಳ, ಕಳ್ಳ ಎಂದು ಕೂಗುತ್ತಿದ್ದ. ಮೇಲೆ ಕೊಂಬೆಯ ಮೇಲೆ ಪ್ಯಾಂಟು ಮಡಚಿಕೊಂಡ ಒಬ್ಬರು, ಹೆಗಲಿಗೆ ಗೋಣಿಚೀಲ. ಅವರು ಕಾವಲುಗಾರನಿಗೆ ಅವನ ಭಾಷೆಯಲ್ಲೇ ವಿನಯದಿಂದ ಏನೋ ಹೇಳಿದರು. ಆಮೇಲೆ ತಮ್ಮಷ್ಟಕ್ಕೆ, "ನಾಲ್ಕ್ ಎಲಿ ಕೊಯ್ರೆ ಇವ್ನ್ ಅಪ್ಪನ್ ಗಂಟ್ ಹೋತಾ?" ಎಂದರು.

ನನಗೆ ಅರೆಗಳಿಗೆ ಕಿವಿ ನಂಬಲಾಗಲಿಲ್ಲ.

"ಹ್ವಾಯ್, ಮೊದ್ಲ್ ಕೆಳ್ಗ್ ಬನ್ನಿ. ಬಿದ್ರೆ ಕಟ್ಟ್ ಹಾಕುಕೆ ನಾನೇ ಆಯ್ಕ್" ಎಂದೆ.

ಅವರು ನಿಜವಾಗಿಯೂ ಬೀಳುತ್ತಿದ್ದರು. ಕೊಂಬೆ ತಬ್ಬಿಕೊಂಡು ಉಳಿದರು. ಇಳಿದು ಬಂದು, ಬೆವರೊರೆಸಿಕೊಳ್ಳುವುದಕ್ಕೂ ಮೊದಲು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಮನೆ ಕೆರಾಡಿಯಲ್ಲಿ ಎಲ್ಲಿ, ಅಪ್ಪ ಯಾರು, ಮುಂಬೈಯಲ್ಲಿ ಯಾರ ಹೋಟೆಲಿನಲ್ಲಿ ಉಂಡ ಎಲೆ ಎತ್ತಿದ್ದು, ಈ ದೇಶಕ್ಕೆ ಯಾರ ಕೈಹಿಡಿದು ಬಂದದ್ದು, ಮದುವೆ ಯಾವ ಮನೆಯಿಂದ, ಹೆಂಡತಿಯ ತಾಯಿಯ ಊರು ಯಾವುದು. ಹಾಲಾಡಿ ಎಂದಾಗ ನಾನು ಬಾಯಿ ಬಿಟ್ಟೆ. ಸಂಬಂಧ ತಾಳೆಯಾಯಿತು.

"ಹಾಂಗಾರೆ ನೀವ್ ಅತ್ಗೆ ಆಯ್ರಿ" ಎಂದು ಅವರು ಕೈಮುಗಿದರು. ಕಾವಲುಗಾರನಿಗೆ ನನ್ನನ್ನು ತೋರಿಸಿ, ಇವರು ನನ್ನ ಅಕ್ಕ, ಇನ್ನು ನೀನು ನನ್ನ ತಂಟೆಗೆ ಬರಬೇಡ ಎಂಬ ಅರ್ಥದಲ್ಲಿ ಏನೋ ಹೇಳಿದರು. ಅವನೂ ನಕ್ಕ.

ನಾನು ಏನನ್ನೂ ಕೇಳಿರಲಿಲ್ಲ. ಅಷ್ಟು ದೂರದಲ್ಲಿ ಊರಿನ ಮಾತು ಕಿವಿಗೆ ಬಿದ್ದ ಸಂತೋಷಕ್ಕೆ ಅವರು ತಮ್ಮನ್ನು ಪೂರ್ತಿ ಒಪ್ಪಿಸಿಬಿಟ್ಟರು. ನಮ್ಮವರು ಹಾಗೆಯೇ ತಾನೆ... ಎಲ್ಲಿ ಸಿಕ್ಕರೂ ಮೊದಲು ಮನೆ ಯಾವುದೆಂದು ಗೊತ್ತಾಗಬೇಕು. ಮರದಿಂದ ಇಳಿದ ಮೇಲೆ ನನ್ನೆದುರು ಮುಚ್ಚಿಡಲು ಅವರ ಬಳಿ ಏನೂ ಉಳಿಯಲಿಲ್ಲ. ಅದರ ಬೆಲೆ ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಸಣ್ಣ ಹೋಟೆಲು. ಬೈಂದೂರು ಕಡೆಯ ಮೂವರು ಕೆಲಸಕ್ಕಿದ್ದರು, ಮೂವರೂ ಮೀಸೆ ಬಂದ ಗಂಡಸರು. ಭಾನುವಾರ ಕೊಟ್ಟೆ ಕಡುಬು ಮಾಡಿದರೆ ಪಟ್ಟಣದ ಗುಜರಾತಿ ಅಂಗಡಿಯವರು ಸಹ ಬಂದು ಕೂರುತ್ತಿದ್ದರು. ಹಾಗಾಗಿ ವಾರಕ್ಕೊಮ್ಮೆ ಎಲೆ ಬೇಕು. ಎಲೆ ಕೊಯ್ಯಲು ಕೆಲಸದವರನ್ನು ಕಳಿಸುತ್ತಿರಲಿಲ್ಲ. "ಎಲಿ ಬೆಳ್ದಿರ್ಕ್, ಆರೆ ಬಿರ್ಸ್ ಆಪ್ಕಾಗ. ಮಡ್ಚಿರೆ ಒಡುಕಾಗ. ಆ ಮಂಗಗಳಿಗೆ ಎಂತ ಗೊತ್ತಾತ್ತ್?" ಎನ್ನುತ್ತಿದ್ದರು. ಗೇಟಿನಲ್ಲಿ ಯಾರೂ ತಡೆಯುತ್ತಿರಲಿಲ್ಲ. ಎಚ್‌ಐವಿ ಕೇಂದ್ರದ ಗೇಟಿನೊಳಗೆ ವಾರವಾರ ಹೋಗಿಬಂದರೂ ಇಡೀ ಪಟ್ಟಣದಲ್ಲಿ ಯಾರೂ ತಿರುಗಿ ನೋಡದ ಮನುಷ್ಯ ಅವರೊಬ್ಬರೇ. ಎಲೆಯವರು ಎಂದೇ ಎಲ್ಲರಿಗೂ ಗೊತ್ತು.

ಚೀಲ ತುಂಬಿದ ಮೇಲೆ ಪಾಠ ನಡೆಯುತ್ತಿದ್ದರೆ ಹಿಂದೆ ನಿಂತು ಕೇಳುತ್ತಿದ್ದರು. ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ, ಕೈ ಹಿಡಿದರೆ ಹರಡುವುದಿಲ್ಲ, ಮದ್ದನ್ನು ಒಂದು ದಿನವೂ ಬಿಡಬಾರದು. ಅವರಿಗೆ ಅದೆಲ್ಲ ಬಾಯಿಪಾಠ ಆಗಿತ್ತು. "ಅತ್ಗೆ, ನಿಮ್ಗ್ ರಜಿ ಬೇಕಾರೆ ಹೇಳಿ, ನಾ ಭಾಷ್ಣ ಮಾಡ್ತೆ" ಎಂದು ಚೇಷ್ಟೆ ಮಾಡುತ್ತಿದ್ದರು.

ಒಂದು ದಿನ ಎಲೆ ಕೊಯ್ದಾದ ಮೇಲೂ ಅವರು ಹೊರಡಲಿಲ್ಲ. ಕೆಲವು ತಿಂಗಳಿಂದ ತೆಳ್ಳಗಾಗುತ್ತಿದ್ದುದನ್ನು ನಾನು ಗಮನಿಸಿದ್ದೆ. ನಗುವಾಗ ನಾಲಗೆಯ ಮೇಲೆ ಬಿಳಿ ಪದರ ಕಾಣುತ್ತಿತ್ತು.

"ನಂಗೂ ಒಂದ್ ಪರೀಕ್ಷಿ ಮಾಡಿ ಕಾಂಬ ಅತ್ಗೆ. ನಿಮ್ಮ್ ಭಾಷ್ಣ ಕೇಂಡ್ ಕೇಂಡ್ ಹೆದ್ರಿಕಿ ಆತ್ತ್."

ತಮಾಷೆಯ ದನಿಯಲ್ಲೇ ಹೇಳಿದರು. ಸಂಬಂಧಿಕರ ಪರೀಕ್ಷೆಯನ್ನು ಸಂಬಂಧಿಕರು ಮಾಡಬಾರದು, ಫಲಿತಾಂಶವನ್ನೂ ಅವರು ಹೇಳಬಾರದು. ಆ ನಿಯಮ ನಾನೇ ಎಲ್ಲರಿಗೂ ಕಲಿಸಿದ್ದು. ಅಲ್ಲಿನ ಸಲಹೆಗಾರನ ಕೋಣೆಗೆ ಕಳಿಸಿ ನಾನು ಹೊರಗೆ ನಿಂತೆ. ಬಹಳ ಹೊತ್ತಾಯಿತು. ಹೊರಗೆ ಬಂದವರು ಬೆಂಚಿನ ಮೇಲೆ ಕೂತು ಚೀಲದಿಂದ ಒಂದು ಎಲೆ ತೆಗೆದು ಅದರ ತೊಟ್ಟು ಮುರಿದರು. ಬೆರಳಿಗೆ ಮೇಣ ಅಂಟಿತು.

ಅವರು ನನ್ನ ಮುಖ ನೋಡಲಿಲ್ಲ. "ಅವ ಹೇಳ್ದದ್ದ್ ಗೊತ್ತಾಯ್ತ್. ನೀವ್ ಎಂತದೂ ಹೇಳ್ಬ್ಯಾಡಿ. ನಮ್ ಕನ್ನಡದಗೆ ಆ ಮಾತ್ ಬಪ್ಪುಕಾಗ."

ಆಮೇಲೆ ನಾವಿಬ್ಬರೂ ಆ ರೋಗದ ಹೆಸರನ್ನು ಕನ್ನಡದಲ್ಲಿ ಒಮ್ಮೆಯೂ ಆಡಲಿಲ್ಲ. ಆಡದಿದ್ದರೆ ಅದು ಸರೋವರದ ಆಚೆಯೇ ಉಳಿಯುತ್ತದೆ, ಕೆರಾಡಿಗೆ ಬರುವುದಿಲ್ಲ ಎಂದು ಅವರು ನಂಬಿದ್ದರು. ರೋಗ ಎಲ್ಲಿಂದ ಬಂತು ಎಂದು ನಾವು ಯಾರನ್ನೂ ಕೇಳುವುದಿಲ್ಲ, ಅವರನ್ನೂ ಕೇಳಲಿಲ್ಲ. ಅವರು ಊರಿಗೆ ಹೋಗಿಬಂದು ಆಗಲೇ ಕೆಲವು ವರ್ಷ ಆಗಿತ್ತು. ತಂಗಿಗೆ ಅಪಾಯ ಇರಲಾರದು ಎಂದು ಅಂದಾಜಿಸಿದೆ.

"ಬೇರೆ ಎಲ್ಲ ಸಾಯ್ಲಿ, ಮನಿಗ್ ಗೊತ್ತಾಪುಕಾಗ" ಎಂದರು. "ಇಲ್ಲ್ ನಾ ಸೀನಿರೆ ವಂಡ್ಸೆ ಪೇಟಿಯಗೆ ಹ್ಯಾಂಗಿದ್ರಿ ಕೇಂತ್ರ್."

ಅದು ಬರಿಯ ತಮಾಷೆ ಆಗಿರಲಿಲ್ಲ. ಹೋಟೆಲಿನ ಮೂವರೂ ಭಾನುವಾರ ಮಧ್ಯಾಹ್ನ ಊರಿಗೆ ಫೋನು ಮಾಡುತ್ತಿದ್ದರು. ಯಜಮಾನರು ಏನು ಉಂಡರು, ಯಾರ ಜೊತೆ ಜಗಳಾಡಿದರು, ಎಲ್ಲ ಸಂಜೆಯೊಳಗೆ ಬೈಂದೂರು ತಲುಪಿ, ಅಲ್ಲಿಂದ ಮುಂದಿನ ಬಸ್ಸಿನಲ್ಲೇ ಕೆರಾಡಿಯ ಹತ್ತಿರದ ಪೇಟೆ ವಂಡ್ಸೆಗೆ ಹೊರಡುತ್ತಿತ್ತು.

ಆದ್ದರಿಂದ ಎಲೆಯ ದಾರಿಯನ್ನೇ ಹಿಡಿದೆವು. ವಾರಕ್ಕೊಮ್ಮೆ ಬರುವುದು, ಮರ ಹತ್ತುವುದು, ಇಳಿದು ಒಳಗೆ ಹೋಗುವುದು, ಮದ್ದಿನ ಪೊಟ್ಟಣ ಚೀಲದ ತಳದಲ್ಲಿ, ಮೇಲೆ ಎಲೆ. ನಮ್ಮ ಕೇಂದ್ರದಲ್ಲಿ ಅವರಷ್ಟು ಕ್ರಮವಾಗಿ ಬಂದವರು ಕಡಿಮೆ. ಬಾಯಿಯ ಬಿಳಿ ಹೋಯಿತು. ಕೆನ್ನೆ ತುಂಬಿತು. ಒಮ್ಮೆ ಕೊಂಬೆಯ ಮೇಲಿಂದಲೇ, "ಅತ್ಗೆ, ಪ್ಯಾಂಟ್ ಬಿಗಿ ಆತ್ತ್ ಕಾಣಿ, ಇನ್ನ್ ನಿಮ್ ಮದ್ದ್ ಕಮ್ಮಿ ಮಾಡ್ಕ್" ಎಂದು ಕೂಗಿದರು. ಕೆಳಗೆ ಸಾಲಿನಲ್ಲಿದ್ದವರಿಗೆ ಭಾಷೆ ತಿಳಿಯದು. ನಾನೊಬ್ಬಳೇ ನಕ್ಕೆ. ಈಗ ಯೋಚಿಸಿದರೆ, ನನ್ನ ಅಷ್ಟು ವರ್ಷಗಳ ಕೆಲಸದಲ್ಲಿ ಪೂರ್ತಿ ನೆಮ್ಮದಿಯ ತಿಂಗಳುಗಳು ಎಂದರೆ ಅವೇ...

ಆಮೇಲೆ ಮರ ಹೋಯಿತು.

ರಕ್ತದ ಮಾದರಿಗಳು ಹೆಚ್ಚಾದವು. ಅವನ್ನು ಕಡು ಚಳಿಯಲ್ಲಿ ಇಡುವ ಯಂತ್ರಗಳಿಗೆ ದೊಡ್ಡದೊಂದು ಕಂಟೇನರ್ ಬರುವುದೆಂದು ತೀರ್ಮಾನವಾಯಿತು. ಜನರೇಟರಿನ ಪಕ್ಕದಲ್ಲೇ ಇರಬೇಕು. ಜನರೇಟರಿನ ಪಕ್ಕದಲ್ಲಿದ್ದದ್ದು ಹಲಸಿನ ಮರ. ಹೊರದೇಶದಿಂದ ಬಂದ ಎಂಜಿನಿಯರ್ ಒಳ್ಳೆಯ ಮನುಷ್ಯ. ಮರ ಬೇಕು ಎಂದೆ. ಏಕೆ ಎಂದು ಕೇಳಿದ. ನೆರಳಿಗೆ ಎಂದೆ. ತಗಡಿನ ಮಾಡು ಹಾಕಿಸುತ್ತೇನೆ, ಇನ್ನೂ ಹೆಚ್ಚು ಜನ ಕೂರಬಹುದು ಎಂದ. ಕೊಟ್ಟ ಮಾತಿನಂತೆ ಹಾಕಿಸಿಯೂ ಕೊಟ್ಟ. ನಿಜವಾದ ಕಾರಣ ನನ್ನ ಬಾಯಿಯೊಳಗೇ ಇತ್ತು. ಒಬ್ಬ ರೋಗಿಗೆ ಆ ಮರ ಬೇಕು ಎಂದಿದ್ದರೆ ಯಾವ ರೋಗಿ ಎಂದು ಕೇಳಲೇ ಬೇಕಾಗಿರಲಿಲ್ಲ. ಮರ ಹತ್ತುವವರು ಒಬ್ಬರೇ.

ಮುಂದಿನ ವಾರ ಭಾವ ಗೇಟಿನವರೆಗೆ ಬಂದಿದ್ದರಂತೆ. ಕಾವಲುಗಾರನೇ ಆಮೇಲೆ ಹೇಳಿದ. ಒಳಗೆ ಇಣುಕಿ ನೋಡಿ, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರಂತೆ.

ನಾನು ಸುಮ್ಮನೆ ಕೂರುವವಳಲ್ಲ. ಮದ್ದು ಒಂದು ದಿನವೂ ತಪ್ಪಬಾರದು. ಅವರ ಹೋಟೆಲಿಗೆ ಸಿಬ್ಬಂದಿಯ ತಿಂಡಿಗೆಂದು ಬನ್ಸಿನ ಆರ್ಡರ್ ಕೊಟ್ಟೆ, ವಾರಕ್ಕೊಮ್ಮೆ, ಕೇಂದ್ರಕ್ಕೆ ತಂದುಕೊಡಬೇಕು. ಮೊದಲ ವಾರ ಅವರೇ ಬಂದರು. ಕಣ್ಣಿನಲ್ಲಿ ಪುನಃ ಬೆಳಕು ಕಂಡಿತು. ಮದ್ದು ತೆಗೆದುಕೊಂಡು ಹೋದರು. ಎರಡನೇ ವಾರ ಪಾತ್ರೆ ಹೊತ್ತು ಬಂದವರು ಬೈಂದೂರಿನ ಇಬ್ಬರು.

"ಯಜಮಾನ್ರ್ ಎಲ್ಲ್?" ಎಂದೆ.

"ಗಲ್ಲಾದಗೆ ಕೂತಿದ್ರ್ ಅಮ್ಮ. ನಾವ್ ಮೂರ್ ಜನ ಇಪ್ಪತಿಗೆ ಅವ್ರ್ ಪಾತ್ರಿ ಹೊರುದಾ? ನಾವೇ ಕಸ್ಕಂಡ್ ಬಂದ್ದ್" ಎಂದು ಅವರಲ್ಲೊಬ್ಬ ಹೆಮ್ಮೆಯಿಂದ ಹೇಳಿದ.

ಯಜಮಾನರ ಮೇಲೆ ಅವರಿಗೆ ನಿಜವಾದ ಪ್ರೀತಿ ಇತ್ತು. ಅದನ್ನು ತಡೆಯುವುದಕ್ಕೆ ಭಾವನ ಬಳಿ ಯಾವ ನೆಪವೂ ಇರಲಿಲ್ಲ. ಎಲೆಯಾದರೆ ತಾನೇ ಆರಿಸಬೇಕು ಎನ್ನಬಹುದಿತ್ತು. ಬನ್ಸು ಹೊರುವುದಕ್ಕೆ ಏನು ಹೇಳುವುದು?

ಮದ್ದು ಬಿಟ್ಟವರನ್ನು ಹುಡುಕಿಕೊಂಡು ಹೋಗುವ ಸಿಬ್ಬಂದಿ ನಮ್ಮಲ್ಲಿದ್ದರು. ಆದರೆ ಅವರ ಮೋಟಾರ್ ಸೈಕಲ್ ಪಟ್ಟಣಕ್ಕೆಲ್ಲ ಪರಿಚಿತ. ಅದು ಯಾರ ಬಾಗಿಲಲ್ಲಿ ನಿಂತಿತೋ ಅವರ ಕಥೆ ಅಂದೇ ಮುಗಿಯಿತು. ಭಾವ ಸಂಶೋಧನೆಗೆ ಸೇರುವಾಗಲೇ, ಮನೆಗೆ ಯಾರೂ ಬರಕೂಡದು ಎಂದಿದ್ದರು. ಹಾಗಾಗಿ ನಾನೇ ಗಿರಾಕಿಯಂತೆ ಹೋಗಿ ಕೂತೆ. ಮೂವರೂ ಅಲ್ಲೇ ಓಡಾಡುತ್ತಿದ್ದರು, ಮದ್ದಿನ ಹೆಸರು ಎತ್ತುವಂತಿರಲಿಲ್ಲ.

"ಎಂತ ಇತ್ತ್ ಇವತ್ತ್?"

"ಇಡ್ಲಿ ಇತ್ತ್ ಅತ್ಗೆ. ಕೊಟ್ಟಿ ಇಲ್ಲೆ. ಎಲಿ ಇಲ್ಲೆ ಅಲ್ದಾ."

"ಎಲಿ ಇಲ್ದೆ ಎಷ್ಟ್ ದಿನ ಕಳಿತ್ರಿ? ಬೇರೆ ಕಡೆ ಸಿಕ್ಕತ್ತ್. ನಾನೇ ತಂದ್ ಕೊಡ್ತೆ."

ಮೇಜು ಒರೆಸುತ್ತಿದ್ದವನು ನಕ್ಕುಬಿಟ್ಟ. "ಅಮ್ಮ, ನೀವ್ ಎಲಿ ಹೊತ್ಕಂಡ್ ಬಪ್ದಾ? ಊರಗೆ ಗೊತ್ತಾರೆ ನಮ್ಗ್ ಉಗಿತ್ರ್."

ಭಾವ ಅವನ ಜೊತೆಗೇ ನಕ್ಕರು. ನನ್ನ ಕಡೆ ನೋಡುತ್ತಲೇ, "ಕೇಂಡ್ರ್ಯಾ ಅತ್ಗೆ? ಊರಗೆ ಗೊತ್ತಾತ್ತ್ ಅಂಬ್ರ್" ಎಂದರು.

ಇನ್ನೊಂದು ಊರಿನ ಕೇಂದ್ರಕ್ಕೆ ಹೋಗಿ ಎಂದು ಫೋನಿನಲ್ಲಿ ಹೇಳಿದೆ. ಬಸ್ಸಿನಲ್ಲಿ ಇಡೀ ದಿನದ ದಾರಿ. ಯಜಮಾನ ವಾರವಾರ ಹೋಟೆಲು ಬಿಟ್ಟು ಎಲ್ಲಿಗೆ ಹೋಗುತ್ತಾನೆ ಎಂದು ಆ ಮೂವರು ಕೇಳದೆ ಇರುತ್ತಾರೆಯೆ? ಹೂಂ ಎಂದರು, ಹೋಗಲಿಲ್ಲ. ಆಮೇಲೆ ನನ್ನ ಫೋನು ಎತ್ತುವುದನ್ನೂ ಕಡಿಮೆ ಮಾಡಿದರು. ಒಂದು ಬೆಳಿಗ್ಗೆ ಅವರಾಗಿಯೇ ಫೋನು ಮಾಡಿದರು. ಹಿನ್ನೆಲೆಯಲ್ಲಿ ವಿಮಾನ ನಿಲ್ದಾಣದ ಸದ್ದು. ಹೋಟೆಲನ್ನು ಕೆಲಸದವರಿಗೇ ವಹಿಸಿ ಊರಿಗೆ ಹೊರಟಿದ್ದರು.

"ಊರಲ್ಲೂ ಮದ್ದು ಇದೆ. ಕುಂದಾಪುರದಲ್ಲಿ ಕೇಳಿ, ಉಡುಪಿಗೆ ಬೇಕಾದರೂ ಕಳಿಸುತ್ತಾರೆ. ಬಿಡಬೇಡಿ" ಎಂದು ಇನ್ನೇನೇನೋ ಹೇಳಿದೆ. ಗಾಬರಿಯಲ್ಲಿ ಊರಿನ ಭಾಷೆಯೂ ಬರಲಿಲ್ಲ.

"ಅಲ್ಲ್ ಆಸ್ಪತ್ರಿಯಗೆ ಹಲ್ಸಿನ್ ಮರ ಇತ್ತಾ ಅತ್ಗೆ?" ಎಂದರು.

ಅದು ತಮಾಷೆ ಎಂದು ಆಗ ಅಂದುಕೊಂಡೆ.

ಕೆರಾಡಿಯಿಂದ ಕುಂದಾಪುರಕ್ಕೆ ಬಸ್ಸು ಹತ್ತಿದವರಿಗೆ ನಮ್ಮ ಕಡೆಯವರು ಕೇಳುವ ಪ್ರಶ್ನೆ ಒಂದೇ. ಎಲ್ಲಿಗೆ ಹೊರಟದ್ದು? ಅಕ್ಕರೆಯಿಂದಲೇ ಕೇಳುತ್ತಾರೆ. ಪಕ್ಕದ ಸೀಟಿನವರು ಕೇಳುತ್ತಾರೆ, ವಂಡ್ಸೆಯಲ್ಲಿ ಹತ್ತಿದವರು ಕೇಳುತ್ತಾರೆ, ಕಂಡಕ್ಟರನೂ ಕೇಳುತ್ತಾನೆ. ಅದಕ್ಕೆ ಒಂದು ಉತ್ತರ ಅವರಿಗೆ ಹೊಳೆಯಲಿಲ್ಲ. ಅವರು ಒಮ್ಮೆಯೂ ಹೋಗಲಿಲ್ಲ.

ಸ್ವಲ್ಪ ದಿನದಲ್ಲಿ ತಂಗಿಯ ಫೋನು ಬಂತು. ನಾನಿನ್ನೂ ಆಫ್ರಿಕಾದಲ್ಲೇ ಇದ್ದೆ. ಮೊದಲೆಲ್ಲ ಅವಳು ಫೋನಿನಲ್ಲಿ ನಗುತ್ತಲೇ ಮಾತು ಶುರು ಮಾಡುತ್ತಿದ್ದಳು.

"ಅಕ್ಕ, ಅಲ್ಲ್ ಅವ್ರಿಗೆ ಬೇರೆ ಸಂಸಾರ ಇತ್ತಾ? ನಿಜ ಹೇಳಿ."

"ಇಲ್ಲೆ ಹೆಣೆ, ಆಣಿಗೂ ಇಲ್ಲೆ."

"ಹಾಂಗಾರೆ ನನ್ ಹತ್ರ ಬಪ್ಪುಕೆ ಎಂತಕ್ಕ್ ಹೇಸುದ್? ಜಗ್ಲಿ ಮೇಲ್ ಮಲ್ಕಂತ್ರ್. ಬಟ್ಲ್ ಬೇರೆ, ಲೋಟ ಬೇರೆ. ನಾ ಮುಟ್ಟಿರೆ ಎದ್ದ್ ಹೋತ್ರ್. ಅಷ್ಟ್ ವರ್ಷ ಕಾದದ್ದ್ ಇದ್ಕಾ?"

ಜ್ವರ ಇದೆ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದೆ. ಕರೆದರೆ ಬೈಯುತ್ತಾರೆ ಎಂದಳು. ಅವರಿಗೆ ಫೋನು ಕೊಡು ಎಂದೆ. ತಟ್ಟೆ ಬೇರೆ ಇಡಬೇಕಾಗಿಲ್ಲ, ಅದು ನಿಮಗೇ ಗೊತ್ತಿದೆಯಲ್ಲ ಎಂದು ಭಾವನಿಗೆ ಹೇಳಿದೆ.

"ಗೊತ್ತಿತ್ತ್. ಆರೆ ಮನಸ್ ಕೇಂತಿಲ್ಲೆ" ಎಂದರು. ದನಿ ತೀರಾ ಇಳಿದಿತ್ತು. "ನೀವ್ ಹೇಳ್ಲಿಲ್ಲೆ ಅಲ್ದಾ?"

"ಇಲ್ಲೆ. ಆರೆ ನೀವ್ ಹೇಳಿ ಭಾವ. ಅವ್ಳ್ ಬೇರೆ ಎಂತದೋ ತಿಳ್ಕಂಡಿತ್ತ್."

"ತಿಳ್ಕಂಬ್ಲಿ. ಇದ್ಕಿಂತ ಅದೇ ಅಡ್ಡಿಲ್ಲೆ." ಕೆಮ್ಮಿ, ಮತ್ತೆ ಹೇಳಿದರು. "ನಾ ಹೋದ್ ಮೇಲೂ ಈ ಮನಿಯಗೆ ಹೇಳುಕಾಗ ಅತ್ಗೆ."

ಆಯಿತು ಎಂದೆ. ರೋಗಿ ಬೇಡ ಎಂದ ಮೇಲೆ ನನ್ನ ಕೆಲಸದಲ್ಲಿ ಬೇರೆ ಉತ್ತರ ಇಲ್ಲ.

ಶ್ರಾವಣಕ್ಕೆ ಮೊದಲೇ ಸುದ್ದಿ ಬಂತು. ಆಫ್ರಿಕಾದ ಜ್ವರ ಮೈಗೆ ಹೊಕ್ಕಿತ್ತಂತೆ ಎಂದು ಎಲ್ಲರೂ ಅಂದರು, ಅಷ್ಟಕ್ಕೇ ಬಿಟ್ಟರು. ಅವರು ಬಯಸಿದ್ದು ಅದೇ. ಆ ಮನೆಗೆ ಇಂದಿಗೂ ಗೊತ್ತಿಲ್ಲ.

ಮರುವರ್ಷ ರಜೆಯಲ್ಲಿ ಬಂದಾಗ ಬ್ರಹ್ಮಾವರದಲ್ಲಿ ಒಂದು ಆರೋಗ್ಯ ಶಿಬಿರ ಇತ್ತು. ತಂಗಿಯನ್ನು ಒಪ್ಪಿಸಿ ಕರೆದುಕೊಂಡು ಹೋದೆ. ಉಳಿದ ಪರೀಕ್ಷೆಗಳ ಜೊತೆ ಆ ಪರೀಕ್ಷೆಯನ್ನೂ ಕೇಳಿ, ಅವಳ ಒಪ್ಪಿಗೆ ಪಡೆದೇ ಮಾಡಿದರು. ಅವಳಿಗೆ ಏನೂ ಇರಲಿಲ್ಲ. ಜಗಲಿಯ ಮೇಲೆ ಮಲಗಿದವರು ಅವಳಿಗೆ ಬಿಟ್ಟುಹೋದದ್ದು ಅದೊಂದನ್ನೇ. ಅದನ್ನು ಅವಳಿಗೆ ಹೇಳುವಂತಿರಲಿಲ್ಲ. ವರದಿ ಓದಿ, "ಎಲ್ಲ ಸಮ ಇತ್ತಂಬ್ರ್. ಯಾರಿಗ್ ಬೇಕಾಯ್ತ್?" ಎಂದಳು.

ನಮ್ಮ ಸಂಶೋಧನೆ ಚೆನ್ನಾಗಿ ಮುಗಿಯಿತು. ಮದ್ದು ಬಿಡದವರು ಬದುಕಿದರು. ಅವರ ಗಂಡಂದಿರು, ಹೆಂಡತಿಯರು, ಮಕ್ಕಳು ಉಳಿದರು. ಸಭೆಗಳಲ್ಲಿ ಚಪ್ಪಾಳೆ ತಟ್ಟಿದರು. ಭಾವನ ಸಂಖ್ಯೆ, ಸಂಪರ್ಕ ತಪ್ಪಿದವರು ಎಂಬ ಗುಂಪಿಗೆ ಸೇರಿತ್ತು. ನಾನು ನಿವೃತ್ತಳಾಗಿ ಕುಂದಾಪುರಕ್ಕೆ ಬಂದೆ. ಕೆರಾಡಿಗೆ ಆಗಾಗ ಹೋಗುತ್ತಿದ್ದೆ. ಮೊದಲಿಗೆ ತಂಗಿ ಪ್ರತಿ ಸಲವೂ ಕೇಳುತ್ತಿದ್ದಳು, ನೀವು ಅಲ್ಲೇ ಇದ್ದಿರಲ್ಲ, ಅಲ್ಲಿ ಅವರಿಗೆ ಏನಾಗಿತ್ತು ಎಂದು. ನಾನು ಜ್ವರ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟಳು. ಗೋಡೆಯ ಮೇಲಿದ್ದ ಮದುವೆಯ ಫೋಟೋ ಎಲ್ಲೋ ಹೋಯಿತು. ಗಂಡನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಹೇಳಿದ್ದರೆ? ಹಾಗೂ ಯೋಚಿಸಿದ್ದೇನೆ. ಆ ಊರಿನಲ್ಲಿ ಅವಳು ಆ ರೋಗದವನ ಹೆಂಡತಿ ಎನ್ನಿಸಿಕೊಂಡು ಬದುಕಬೇಕಾಗುತ್ತಿತ್ತು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ನನಗೆ ಇಂದಿಗೂ ತೀರ್ಮಾನವಾಗಿಲ್ಲ... ಅಷ್ಟರಲ್ಲಿ ಅವಳೂ ಹೋದಳು. ಬೆಳಿಗ್ಗೆ ಎದ್ದವಳು ಬಚ್ಚಲಿನಲ್ಲಿ ಕುಸಿದಳಂತೆ.

ಉತ್ತರಕ್ರಿಯೆಯ ದಿನ ಊಟ ಮುಗಿದು, ಬಂದವರು ಹೊರಟ ಮೇಲೆ, ಮೈದುನನ ಮಗ ಮೊಬೈಲು ಹಿಡಿದು ನನ್ನ ಬಳಿ ಬಂದ. ಅವನಿಗೆ ವಂಡ್ಸೆಯಲ್ಲಿ ಅಂಗಡಿ ಇದೆ. ಮರುದಿನದ ಪತ್ರಿಕೆಗೆ ಶ್ರದ್ಧಾಂಜಲಿ ಕೊಡಬೇಕು, ಸಂಜೆ ಆರರೊಳಗೆ ಕಳಿಸಬೇಕು. ಫೋಟೋದ ಕೆಳಗೆ ತಂಗಿಯ ಹೆಸರು, ಅದರ ಕೆಳಗೆ ದಿವಂಗತ ಇಂಥವರ ಧರ್ಮಪತ್ನಿ ಎಂದು ಭಾವನ ಹೆಸರು.

ಅವನ ತಾಯಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು. "ಅದ್ ತೆಗಿ ಮಗ. ಅಕ್ಕ ನನ್ ಹತ್ರ ಎಷ್ಟ್ ಸಲ ಹೇಳಿತ್ತ್, ನಾ ಸತ್ರೆ ಅವ್ರ್ ಹೆಸ್ರ್ ನನ್ ಹೆಸ್ರಿನ್ ಒಟ್ಟಿಗ್ ಹಾಕ್ಬ್ಯಾಡಿ ಅಂದೇಳಿ."

"ನನ್ ಅಣ್ಣ ಎಂತ ಕೊಲಿ ಮಾಡಿದ್ನಾ?" ಎಂದ ಮೈದುನ. ದನಿ ಏರಿಸಲಿಲ್ಲ. ಆದರೆ ಬಾಯಿಯ ಎಲೆಯಡಿಕೆ ಉಗಿದು ಬಂದು ಕೂತ.

"ಕೊಲಿ ಮಾಡ್ಕ್ ಅಂದೇ ಇಲ್ಲೆ. ಅಕ್ಕ ಇಷ್ಟ್ ವರ್ಷ ಹ್ಯಾಂಗ್ ಇದ್ದಿತ್ತ್, ನೀವ್ ಕಾಣ್ಲಿಲ್ಯಾ?"

ಮಗ ಇಬ್ಬರನ್ನೂ ನೋಡಿ ನನ್ನ ಕಡೆ ತಿರುಗಿದ. "ದೊಡ್ಡಮ್ಮ, ಅವ್ರನ್ ಅಲ್ಲ್ ಕಂಡದ್ದ್ ನೀವ್ ಒಬ್ರೇ. ನೀವ್ ಹೇಳ್ದಾಂಗ್ ಆಯ್ಲಿ. ವಾಟ್ಸಾಪ್ ಮಾಡ್ತೆ, ತಿದ್ದಿ ಕಳ್ಸಿ." ಮೈದುನ ತಲೆಯಾಡಿಸಿದ. ಅವನ ಹೆಂಡತಿಯೂ ಒಪ್ಪಿದಳು.

ರಿಕ್ಷಾದಲ್ಲಿ ವಂಡ್ಸೆಗೆ, ಅಲ್ಲಿಂದ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದೆ. ಐದು ಗಂಟೆಗೆ ಮನೆ. ಸ್ನಾನ ಮಾಡಿದೆ. ಉಟ್ಟು ಹೋಗಿದ್ದ ಸೀರೆ ನೆನೆಸಿದೆ. ಕನ್ನಡಕ ಒರೆಸಿಕೊಂಡು ಮೇಜಿನ ಮುಂದೆ ಕೂತೆ. ಹೆಸರು ಇರಲಿ ಎಂದರೆ ಸಾಕು, ಅವರು ಒಪ್ಪುತ್ತಾರೆ. ಆದರೆ ಅವಳು ಅಷ್ಟು ಸಲ ಹೇಳಿದ ಮೇಲೂ ಏಕೆ ಇರಬೇಕು ಎಂದು ಮೈದುನನ ಹೆಂಡತಿ ಕೇಳದೆ ಬಿಡುವವಳಲ್ಲ. ಕೇಳಿದರೆ ಕೊಡಲು ನನ್ನ ಬಳಿ ಒಂದೇ ಉತ್ತರ ಇದೆ. ಆ ಉತ್ತರ ಆ ಮನೆಗೆ ಹೋಗುವಂತಿಲ್ಲ. ತಂಗಿಯ ಮಾತನ್ನು ನಡೆಸಿದರೆ ಯಾರೂ ಏನೂ ಕೇಳುವುದಿಲ್ಲ. ಅವಳು ತಿಳಿದುಕೊಂಡದ್ದು ತಪ್ಪು ಎಂದು ಗೊತ್ತಿರುವವಳು ಈ ಭೂಮಿಯ ಮೇಲೆ ನಾನೊಬ್ಬಳೇ. ನನ್ನ ನಂತರ ಅದೂ ಇಲ್ಲ.

ಭಾವನ ಹೆಸರು ತೆಗೆದೆ. ಧರ್ಮಪತ್ನಿ ಎಂಬುದನ್ನೂ ತೆಗೆದೆ. 'ಶೃದ್ಧಾಂಜಲಿ' ಎಂದಿದ್ದುದನ್ನು 'ಶ್ರದ್ಧಾಂಜಲಿ' ಎಂದು ತಿದ್ದಿದೆ. ಇನ್ನೊಮ್ಮೆ ಓದಿ, ಐದೂ ಮುಕ್ಕಾಲಿಗೆ ಕಳುಹಿಸಿದೆ.